ಕೋಚ್ ಆಗಬೇಕೆಂದರೆ ಗಂಟೆ ಎಣಿಸಬೇಕು: ಕಾಲೇಜ್ ಫುಟ್‌ಬಾಲ್ 25ರ ಡೈನಾಸ್ಟಿ ಮೋಡ್

ಹನ್ನೊಂದು ವರ್ಷದ ಬಿಡುವಿನ ನಂತರ, 2024ರ ಜುಲೈನಲ್ಲಿ ಇಎ ಸ್ಪೋರ್ಟ್ಸ್ ಅಮೆರಿಕದ ಕಾಲೇಜು ಫುಟ್‌ಬಾಲ್‌ನ ವಿಡಿಯೋ ಗೇಮನ್ನು ಮತ್ತೆ ಹೊರತಂದಿತು. ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಎಸ್‌ಗಳಲ್ಲಿ ಮಾತ್ರ ಸಿಗುತ್ತದೆ, ಪಿಸಿಯಲ್ಲಿ ಇಲ್ಲ. ಬಿಡುಗಡೆಯ ಬೆಲೆ 69.99 ಡಾಲರ್. ಮೈದಾನದೊಳಗಿನ ಆಟವೂ ಚೆನ್ನಾಗಿಯೇ ಇದೆ. ಆದರೆ ದುಡ್ಡು ಕೊಡಬೇಕಾದದ್ದು ಡೈನಾಸ್ಟಿ ಮೋಡ್‌ಗೆ. ಕೋಚ್ ಒಬ್ಬನ ವೃತ್ತಿಜೀವನವನ್ನು ಕೆಳಗಿನ ಮೆಟ್ಟಿಲಿನಿಂದ 30 ಸೀಸನ್‌ವರೆಗೆ ಅದರಲ್ಲಿ ನಡೆಸಬಹುದು.

134 ತಂಡಗಳಿವೆ. ಮೊದಲ ಸಲಕ್ಕೆ ಅಲಬಾಮಾ, ಜಾರ್ಜಿಯಾದಂಥ ಬಲಾಢ್ಯ ತಂಡಗಳು ಬೇಡ. ಒಹಾಯೊದ ಕೆಂಟ್ ಸ್ಟೇಟ್‌ನಂಥ ಬಡ ತಂಡಕ್ಕೆ ಅಫೆನ್ಸಿವ್ ಅಥವಾ ಡಿಫೆನ್ಸಿವ್ ಕೋಆರ್ಡಿನೇಟರ್ (ದಾಳಿ ಇಲ್ಲವೇ ರಕ್ಷಣೆ ನೋಡಿಕೊಳ್ಳುವ ಸಹಾಯಕ ಕೋಚ್) ಆಗಿ ಸೇರಿ. ಕಾಲೇಜು ಫುಟ್‌ಬಾಲ್‌ನ ಹೆಸರಾಂತ ಕೋಚ್ ನಿಕ್ ಸೇಬನ್ 1973ರಲ್ಲಿ ಸಹಾಯಕನಾಗಿ ಶುರು ಮಾಡಿದ್ದು ಅಲ್ಲಿಯೇ. 1990ರಲ್ಲಿ ಟೊಲೀಡೊದಲ್ಲಿ ಹೆಡ್ ಕೋಚ್ ಆದರು, ಆಮೇಲೆ ಮಿಷಿಗನ್ ಸ್ಟೇಟ್, ಎಲ್‌ಎಸ್‌ಯು, ಅಲಬಾಮಾ; ಒಟ್ಟು 7 ರಾಷ್ಟ್ರೀಯ ಪ್ರಶಸ್ತಿ. ಈ ಏಣಿಯನ್ನು ಗೇಮ್ ನಂಬುವಂತೆ ಕಟ್ಟಿಕೊಟ್ಟಿದೆ. ಸಣ್ಣ ಕಾಲೇಜು ನಿಮ್ಮಿಂದ ನಿರೀಕ್ಷಿಸುವುದೂ ಕಡಿಮೆ, ಹಾಗಾಗಿ ಕಲಿಯುವಷ್ಟರಲ್ಲಿ ಕೆಲಸ ಹೋಗುವುದಿಲ್ಲ.

ನಿಜವಾದ ಜೀವಾಳ ರಿಕ್ರೂಟಿಂಗ್, ಅಂದರೆ ಹೊಸ ಹುಡುಗರನ್ನು ನಿಮ್ಮ ಕಾಲೇಜಿಗೆ ಒಲಿಸಿಕೊಳ್ಳುವುದು. ಪಟ್ಟಿಯಲ್ಲಿ 35 ಹುಡುಗರಿಗೆ ಜಾಗ, ಅವರ ಮೇಲೆ ಖರ್ಚು ಮಾಡಲು ವಾರಕ್ಕೆ ಇಂತಿಷ್ಟೇ ಗಂಟೆ. ಸ್ಕಾಲರ್‌ಶಿಪ್ ಆಫರ್‌ಗೆ 5 ಗಂಟೆ, ನೇರ ಮೆಸೇಜ್‌ಗೆ 10, ಮನೆಯವರನ್ನೂ ಗೆಳೆಯರನ್ನೂ ಸಂಪರ್ಕಿಸಲು 25, 'ಸೆಂಡ್ ದ ಹೌಸ್' ಎಂಬ ಸರ್ವಪ್ರಯತ್ನಕ್ಕೆ 50. ಹೊಸಬರು ಎಡವುವುದು ಇಲ್ಲೇ. ಹೆಸರು ನೋಡಿ ಫೈವ್ ಸ್ಟಾರ್ (ಅತ್ಯುನ್ನತ ದರ್ಜೆಯ) ಹುಡುಗರಿಗೇ ವಾರವಾರವೂ 50 ಗಂಟೆ ಸುರಿಯುತ್ತಾರೆ; ಕೊನೆಗೆ ಅವರು ದೊಡ್ಡ ಕಾಲೇಜಿಗೆ ಸಹಿ ಹಾಕುತ್ತಾರೆ, ಇತ್ತ ಪಟ್ಟಿ ಖಾಲಿ. ಮೊದಲು ಎಲ್ಲರಿಗೂ ಆಫರ್ ಕಳಿಸಿಬಿಡಿ. ನಂತರ, ನಿಮ್ಮ ಕಾಲೇಜನ್ನು ಈಗಾಗಲೇ ಮೇಲಿನ ಸ್ಥಾನಗಳಲ್ಲಿ ಇಟ್ಟುಕೊಂಡಿರುವ ಟೂ, ತ್ರೀ ಸ್ಟಾರ್ ಹುಡುಗರ ಮೇಲೆ ಗಂಟೆ ಹಾಕಿ. ಪ್ರತಿ ಹುಡುಗನಿಗೂ ಮುಖ್ಯವೆನಿಸುವ ಸಂಗತಿಗಳು ಮೂರು. ಮನೆಗೆ ಹತ್ತಿರ, ಆಡುವ ಅವಕಾಶ, ಓದಿನ ಹೆಸರು, ಹೀಗೆ. ಆ ಮೂರರಲ್ಲೂ ನಿಮ್ಮ ಕಾಲೇಜಿನ ಗ್ರೇಡ್ ಚೆನ್ನಾಗಿದ್ದರೆ ಅವನ್ನೇ ಮುಂದಿಟ್ಟು ಒಲಿಸುವ 40 ಗಂಟೆಯ 'ಹಾರ್ಡ್ ಸೆಲ್' ಸಾಕು, 50 ಗಂಟೆಯ ಸೆಂಡ್ ದ ಹೌಸ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಕ್ಯಾಂಪಸ್ ಭೇಟಿಯನ್ನು ಗೆಲ್ಲುವ ಭರವಸೆಯಿರುವ ತವರು ಪಂದ್ಯದ ವಾರಕ್ಕೇ ಇಡಿ. ಸೋತರೆ ಭೇಟಿಯ ಲಾಭ ಕರಗುತ್ತದೆ. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಜೊತೆಗೆ ಅದನ್ನು ಹಿಡಿಯುವ ವೈಡ್ ರಿಸೀವರ್ ಬಂದರೆ ಇಬ್ಬರ ಒಲವೂ ಏರುತ್ತದೆ. ಒಂದೇ ವಾರ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳನ್ನು ಕರೆದರೆ ಇಬ್ಬರೂ ಮುಖ ತಿರುಗಿಸುತ್ತಾರೆ.

ಸೇರಿಸಿಕೊಂಡರೆ ಮುಗಿಯಲಿಲ್ಲ. ಪ್ರತಿಯೊಬ್ಬನಿಗೂ ಒಂದು 'ಡೀಲ್‌ಬ್ರೇಕರ್', ಅಂದರೆ ಈಡೇರದಿದ್ದರೆ ಅವನು ದೂರವಾಗುವಂಥ ಷರತ್ತು ಇದೆ. ಅದು 'ಪ್ಲೇಯಿಂಗ್ ಟೈಮ್' ಆಗಿದ್ದು, ನೀವು ಅದೇ ಜಾಗಕ್ಕೆ ಮತ್ತಿಬ್ಬರನ್ನು ತಂದರೆ, ಸೀಸನ್ ಮುಗಿಯುತ್ತಲೇ ಹುಡುಗ ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ, ಅಂದರೆ ಕಾಲೇಜು ಬದಲಿಸಲು ಹೊರಟವರ ಪಟ್ಟಿಯಲ್ಲಿ. 'ಕೋಚ್ ಸ್ಟೆಬಿಲಿಟಿ' (ಕೋಚ್ ಕುರ್ಚಿಯ ಭದ್ರತೆ) ಕೂಡ ಇಂಥದ್ದೇ ಒಂದು ಗ್ರೇಡ್, ಅದು ಬರೀ ಅಲಂಕಾರವಲ್ಲ. 2024ರ ಜನವರಿಯಲ್ಲಿ ಸೇಬನ್ ನಿವೃತ್ತರಾದಾಗ ಅಲಬಾಮಾ ಆಟಗಾರರಿಗೆ ಪೋರ್ಟಲ್ 30 ದಿನ ತೆರೆದಿತ್ತು. ಕೇಲೆಬ್ ಡೌನ್ಸ್‌ನಂಥ ಸೇಫ್ಟಿ (ಹಿಂಬದಿಯ ರಕ್ಷಣಾ ಆಟಗಾರ) ಒಹಾಯೊ ಸ್ಟೇಟ್ ಸೇರಿದ. ಕುರ್ಚಿ ಅಲುಗಾಡಿದರೆ ಹುಡುಗರು ನಿಲ್ಲುವುದಿಲ್ಲ ಎಂಬ ಆ ಸತ್ಯವನ್ನು ಗೇಮ್ ಸಂಖ್ಯೆಯಾಗಿಸಿದ ರೀತಿ ಮೆಚ್ಚಲೇಬೇಕು. ಸೀಸನ್‌ಗಳ ನಡುವೆ ತಂಡವನ್ನು 85 ಆಟಗಾರರಿಗೆ ಇಳಿಸುವ ಕೆಲಸವೂ ನಿಮ್ಮದೇ. ಆ ಪರದೆಯ ಮುಂದೆ ಕೈ ತಡೆಯುತ್ತದೆ.

ಕೋಚ್‌ನ ಶೈಲಿ ಆರಿಸುವಾಗ ಮೋಟಿವೇಟರ್, ರಿಕ್ರೂಟರ್, ಟ್ಯಾಕ್ಟಿಷಿಯನ್ ಮೂರೇ ಇರುತ್ತವೆ. ಸಣ್ಣ ತಂಡಕ್ಕೆ ಕಣ್ಣು ಮುಚ್ಚಿ ರಿಕ್ರೂಟರ್ ತೆಗೆದುಕೊಳ್ಳಿ.

ದೊಡ್ಡ ಕೊರತೆಯೆಂದರೆ ನಿಜವಾದ ಕೋಚ್‌ಗಳ ಹೆಸರುಗಳಿಲ್ಲದಿರುವುದು. ಆಟಗಾರರು ಅಸಲಿ, ಸ್ಟೇಡಿಯಂಗಳು ಅಸಲಿ, ಅಂಚಿನಲ್ಲಿ ನಿಂತ ಕೋಚ್ ಮಾತ್ರ ಯಾರೋ ಅಪರಿಚಿತ. ಕೋಚ್‌ಗಳ ಬದುಕನ್ನೇ ಹೇಳುವ ಮೋಡ್‌ಗೆ ಇದು ನೋವಿನ ಕೊರತೆ. 2025ರ ಜುಲೈನಲ್ಲಿ ಬಂದ 26ನೇ ಆವೃತ್ತಿಯಲ್ಲಿ 300ಕ್ಕೂ ಹೆಚ್ಚು ನಿಜವಾದ ಕೋಚ್‌ಗಳಿದ್ದಾರೆ. ಈಗ ಹೊಸದಾಗಿ ಕೊಳ್ಳುವವರು ಅದನ್ನೇ ಕೊಳ್ಳಿ. 25 ಅಗ್ಗಕ್ಕೆ ಸಿಕ್ಕರೆ ಮಾತ್ರ, ಹೆಸರುಗಳ ಚಿಂತೆ ಬಿಟ್ಟು, ಕೆಂಟ್ ಸ್ಟೇಟ್‌ನಿಂದ ಶುರು ಮಾಡಿ.