ಉಪ್ಪಿನ ಹಲಗೆಗೆ ಬೆಲೆ ಎಷ್ಟು? ಬಸವನಗುಡಿಯಲ್ಲಿ ನಾಲ್ಕು ಶನಿವಾರ

ಶ್ರೀನಗರದಲ್ಲಿ ನನ್ನದೊಂದು ದಿನಸಿ ಅಂಗಡಿ. 31 ವರ್ಷದಿಂದ ಗಲ್ಲಾಪೆಟ್ಟಿಗೆ ಹಿಂದೆ ಕೂತಿದ್ದೇನೆ. ಇತಿಹಾಸ ಅಂದರೆ ನನಗೆ ಹತ್ತನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ ಇಸವಿಗಳು, ಅಷ್ಟೇ. ಈ ಸಲ ನನ್ನ ಹುಟ್ಟುಹಬ್ಬಕ್ಕೆ ಮಗಳು ಶರ್ಟು ಕೊಡಿಸುವ ಬದಲು ಒಂದು ಕ್ಲಾಸಿಗೆ ದುಡ್ಡು ಕಟ್ಟಿದಳು. "ಹಳೇ ಕಾಲದ ವ್ಯಾಪಾರಿಗಳ ಬಗ್ಗೆ ಅಪ್ಪಾ, ನಿಂಗೆ ಇಷ್ಟ ಆಗುತ್ತೆ" ಅಂದಳು. ಶನಿವಾರ ಯಾರಾದರೂ ಅಂಗಡಿ ಬಿಟ್ಟು ಹೋಗ್ತಾರಾ ಅಂತ ಗೊಣಗಿದೆ. ನಮ್ಮನೆಯವಳು ಬೀಗದ ಕೈ ಕಿತ್ತುಕೊಂಡು ಕಳಿಸಿದಳು.

ಯಾರ ಕ್ಲಾಸು ಅಂತ ಹೆಸರು ಬರೆಯುವುದಿಲ್ಲ. ಇದರಲ್ಲಿ ಬೈಗುಳವೂ ಇದೆ, ಹೆಸರು ಹಾಕಬೇಡ ಅಂತ ಮಗಳ ಅಪ್ಪಣೆ. ಬೇಕಾದವರು ಅಂಗಡಿಗೆ ಬಂದು ಕೇಳಿ, ಹೇಳುತ್ತೇನೆ.

ಲೆಕ್ಕ ಮೊದಲು ಹೇಳಿಬಿಡುತ್ತೇನೆ. ನಾಲ್ಕು ಶನಿವಾರಕ್ಕೆ 2,400 ರೂಪಾಯಿ. ಬೆಳಿಗ್ಗೆ ಹತ್ತೂವರೆಯಿಂದ ಒಂದು ಗಂಟೆವರೆಗೆ. ಹಳೇ ಮನೆಯೊಂದರ ಮಹಡಿ, ಕೆಂಪು ಗಾರೆ ನೆಲ, 18 ಜನ. ನನ್ನ ಬಿಟ್ಟರೆ ಮಿಕ್ಕವರೆಲ್ಲ ಹೆಚ್ಚುಕಮ್ಮಿ ನನ್ನ ಮಗಳ ವಯಸ್ಸಿನವರೇ. ಪಾಠ ಮಾಡುವ ಮೇಡಂಗೂ ಅಷ್ಟೇ ವಯಸ್ಸು. ಪ್ರತಿಯೊಬ್ಬರಿಗೂ ಒಂದು ರಟ್ಟಿನ ಪೆಟ್ಟಿಗೆ ಕೊಟ್ಟರು. ಒಳಗೆ ಬಟ್ಟೆಯ ಮೇಲೆ ಅಚ್ಚು ಹಾಕಿದ ನಕ್ಷೆ, ಒಂದು ಗಟ್ಟಿ ಕಲ್ಲುಪ್ಪಿನ ತುಂಡು, 20 ಕವಡೆ, ಮೆಣಸು, ಲವಂಗ, ಏಲಕ್ಕಿ, ಒಂದು ಚೂರು ಗಂಧ.

ಪೆಟ್ಟಿಗೆ ಬಿಚ್ಚಿದ ಕೂಡಲೇ ನಾನು ಮಾಡಿದ್ದು ಎಲ್ಲ ದಿನಸಿಯವರೂ ಮಾಡುವ ಕೆಲಸ. ಮೆಣಸನ್ನು ಅಂಗೈಗೆ ಹಾಕಿ ಉಜ್ಜಿದೆ. ವಾಸನೆ ಇಲ್ಲ. ನಾಲ್ಕು ಕಾಳು ನೀರಿನ ಲೋಟಕ್ಕೆ ಹಾಕಿದೆ. ಮೂರು ತೇಲಿದವು. ಜೊಳ್ಳು. ಪಕ್ಕದ ಹುಡುಗ ಬೆರಗಾಗಿ ನೋಡಿದ, ಅವನದ್ದೂ ಹಾಕಿದ, ಅವನದ್ದೂ ತೇಲಿತು. ಮೆಣಸಿಗೋಸ್ಕರ ಸಮುದ್ರ ದಾಟಿದವರ ಬಗ್ಗೆ ಪಾಠ ಮಾಡುವಾಗ ಒಳ್ಳೇ ಮಾಲು ಕೊಡಬೇಡವೇ? ಏಲಕ್ಕಿ ಮಾತ್ರ ಚೆನ್ನಾಗಿತ್ತು. ಹಸಿರು ಬಣ್ಣ, ಸಿಪ್ಪೆ ಬಿರಿದಿರಲಿಲ್ಲ.

ಮೊದಲ ಶನಿವಾರ ಆಫ್ರಿಕಾದ ಮಾಲಿ ಸಾಮ್ರಾಜ್ಯ. ನೈಜರ್ ನದಿ, ಟಿಂಬಕ್ಟು, ಉತ್ತರಕ್ಕೆ ಸಹಾರಾ ಮರಳುಗಾಡು. ಮೇಡಂ ಶುರು ಮಾಡಿದ್ದು ಎಲ್ಲರೂ ಶುರು ಮಾಡುವ ಕಡೆಯಿಂದಲೇ. 1324ರಲ್ಲಿ ಮನ್ಸಾ ಮೂಸಾ ಅನ್ನೋ ರಾಜ ಮೆಕ್ಕಾ ಯಾತ್ರೆಗೆ ಹೊರಟ, ದಾರಿಯಲ್ಲಿ ಕೈರೋ ಊರಿನಲ್ಲಿ ಚಿನ್ನ ಹಂಚಿದ, ಅಲ್ಲಿ ಚಿನ್ನದ ಬೆಲೆ ಬಿತ್ತು. ಮೊಬೈಲಿನಲ್ಲಿ ಈ ಕತೆ ಬೇಕಾದಷ್ಟು ಸಲ ನೋಡಿದ್ದೆ. ಈಜಿಪ್ಟೇ ದಿವಾಳಿಯಾಯಿತು ಅಂತೆಲ್ಲ ಹೇಳುತ್ತಾರೆ. ನಾನು ಕೈ ಎತ್ತಿ ಕೇಳಿದೆ, "ಎಷ್ಟಿದ್ದದ್ದು ಎಷ್ಟಾಯ್ತು ಮೇಡಂ?" ಪಾಪ, ಅವರು ಓದಿಕೊಂಡೇ ಬಂದಿದ್ದರು. ಅಲ್ ಉಮರಿ ಎಂಬ ಬರಹಗಾರ ಬರೆದಿಟ್ಟಿದ್ದಾನಂತೆ. ಮಿತ್ಕಾಲ್ ಅಂದರೆ ಆಗಿನ ಚಿನ್ನದ ತೂಕ, ದಿರ್ಹಂ ಅಂದರೆ ಬೆಳ್ಳಿ ನಾಣ್ಯ. ಒಂದು ಮಿತ್ಕಾಲ್ ಚಿನ್ನ ಮೊದಲು 25 ದಿರ್ಹಂಗಿಂತ ಕೆಳಗೆ ಹೋಗುತ್ತಿರಲಿಲ್ಲ. ಆಮೇಲೆ 22 ದಾಟಲಿಲ್ಲ, ಹನ್ನೆರಡು ವರ್ಷ ಹಾಗೇ ಇತ್ತು. ಅಂದರೆ ನೂರಕ್ಕೆ ಹನ್ನೆರಡು. ನಮ್ಮ ಈರುಳ್ಳಿ ಒಂದು ವಾರದಲ್ಲಿ ಇದಕ್ಕಿಂತ ಜಾಸ್ತಿ ಬೀಳುತ್ತೆ! ಹನ್ನೆರಡು ವರ್ಷ ಏಳಲಿಲ್ಲ ಅನ್ನೋದು ದೊಡ್ಡ ವಿಷಯ, ಒಪ್ಪುತ್ತೇನೆ. ಆದರೆ ದಿವಾಳಿ ಅನ್ನೋ ಮಾತು ಬೇರೆ.

ಆಮೇಲೆ ಪರದೆ ಮೇಲೆ ಒಂದು ಸಾಲು ಬಂತು: ಆ ಕಾಲದಲ್ಲಿ ಉಪ್ಪು ಚಿನ್ನದ ತೂಕಕ್ಕೆ ಮಾರುತ್ತಿತ್ತು. ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಸುಮ್ನೆ ಇರಬಹುದಿತ್ತು, ಇರಲಿಲ್ಲ. ಅದೇ ಪರದೆಯಲ್ಲಿ ಮುಂದಿನ ಪುಟದಲ್ಲಿ ಇಬ್ನ್ ಬತೂತಾ ಅನ್ನೋ ಪ್ರವಾಸಿ ಬರೆದ ಲೆಕ್ಕವೇ ಇತ್ತು. ಆತ 1352ರಲ್ಲಿ ಮರಳುಗಾಡು ದಾಟಿ ಮಾಲಿಗೆ ಹೊರಟವನು. ದಾರಿಯಲ್ಲಿ ತಘಾಜಾ ಅನ್ನೋ ಉಪ್ಪಿನ ಗಣಿ. ಅಲ್ಲಿ ಮನೆ, ಮಸೀದಿ ಎಲ್ಲ ಉಪ್ಪಿನ ಕಲ್ಲಿನಲ್ಲೇ ಕಟ್ಟಿದ್ದು, ಮೇಲೆ ಒಂಟೆ ಚರ್ಮದ ಮಾಡು. ಒಂದು ಮರ ಇಲ್ಲ. ನೀರು ಉಪ್ಪು, ನೊಣ ಜಾಸ್ತಿ. ಗಣಿಯಲ್ಲಿ ಅಗೆಯುವವರು ಗುಲಾಮರು. ತಿನ್ನುವ ಧಾನ್ಯ, ಖರ್ಜೂರ ಎಲ್ಲವೂ ದೂರದ ಊರುಗಳಿಂದಲೇ ಬರಬೇಕು. ಉಪ್ಪನ್ನು ದೊಡ್ಡ ಹಲಗೆಯ ಹಾಗೆ ಕತ್ತರಿಸಿ ಒಂಟೆಗೆ ಎರಡು ಹೇರುತ್ತಾರೆ. ಒಂದು ಒಂಟೆಯ ಹೊರೆ ವಲಾಟಾ ಊರಿನಲ್ಲಿ 8ರಿಂದ 10 ಮಿತ್ಕಾಲ್ ಚಿನ್ನ, ಮಾಲಿಯ ರಾಜಧಾನಿಯಲ್ಲಿ 20ರಿಂದ 30, ಕೆಲವು ಸಲ 40.

ನಾನು ಜೇಬಿನಿಂದ ಪೆನ್ನು ತೆಗೆದೆ. ಒಂದು ಮಿತ್ಕಾಲ್ ಅಂದರೆ ನಾಲ್ಕು ಗ್ರಾಂ ಚಿಲ್ಲರೆ. ಜಾಸ್ತಿ ಬೆಲೆ 40 ಅಂತಲೇ ಹಿಡಿಯೋಣ, 170 ಗ್ರಾಂ ಚಿನ್ನ ಆಯಿತು. ಒಂಟೆಯ ಹೊರೆ 100 ಕಿಲೋ ಅಂತ ಕಮ್ಮಿಯೇ ಇಟ್ಟುಕೊಳ್ಳೋಣ. 100 ಕಿಲೋ ಉಪ್ಪಿಗೆ 170 ಗ್ರಾಂ ಚಿನ್ನ. ಇದು ತೂಕಕ್ಕೆ ತೂಕ ಎಲ್ಲಿಂದ ಆಯಿತು? ಮೇಡಂ ಒಂದು ನಿಮಿಷ ಪರದೆಯನ್ನೇ ನೋಡಿದರು. ಆಮೇಲೆ ನಕ್ಕು, ಆ ಸಾಲನ್ನು ಎಲ್ಲರ ಎದುರಿಗೇ ಅಳಿಸಿದರು. ಅವರ ಮೇಲೆ ನನಗೆ ಗೌರವ ಬಂದದ್ದು ಆಗಲೇ.

ಹಾಗಂತ ಉಪ್ಪು ಅಗ್ಗವಲ್ಲ. ವಲಾಟಾದಿಂದ ರಾಜಧಾನಿಗೆ ಹೋಗುವಷ್ಟರಲ್ಲಿ ಬೆಲೆ ಮೂರು ಪಟ್ಟು. ಹುಡುಗರೆಲ್ಲ "ಎಂಥಾ ಲಾಭ" ಅಂದರು. ಲಾಭ ಅಲ್ಲ ಕಣ್ರಪ್ಪಾ, ಅದು ಸಾಗಾಣಿಕೆ. ಒಂಟೆಗೆ ಮೇವು, ಆಳಿಗೆ ಊಟ, ಒಡೆದ ಹಲಗೆಯ ನಷ್ಟ, ದಾರಿ ತೋರಿಸುವವನ ಕೂಲಿ. ವಲಾಟಾದ ದಾರಿಯಲ್ಲಿ ಒಬ್ಬನನ್ನು ಕೂಲಿ ಕೊಟ್ಟು ಮುಂದೆ ಕಳಿಸಿ, ಊರಿನವರು ನಾಲ್ಕು ದಿನದ ದೂರ ಎದುರು ಬಂದು ನೀರು ಕೊಡುವ ಹಾಗೆ ಏರ್ಪಾಟು ಮಾಡುತ್ತಿದ್ದರಂತೆ. ಅವನು ದಾರಿಯಲ್ಲಿ ಸತ್ತರೆ ಹಿಂದೆ ಬರುವ ಗುಂಪಿನ ಗತಿ ಮುಗಿಯಿತು. ತರಗುಪೇಟೆಯಿಂದ ಶ್ರೀನಗರಕ್ಕೆ ಮೂಟೆ ತರಿಸಿದರೆ ಗಾಡಿ ಬಾಡಿಗೆಗೇ ನನಗೆ ತಲೆ ಕೆಡುತ್ತೆ.

ಕವಡೆಯ ಲೆಕ್ಕ ಇನ್ನೂ ಮಜಾ. ಕವಡೆ ಸಿಗೋದು ಮಾಲ್ಡೀವ್ಸ್ ಸಮುದ್ರದಲ್ಲಿ. ಅಲ್ಲಿ ಒಂದು ಚಿನ್ನದ ದಿನಾರಿಗೆ 4 ಲಕ್ಷ ಕವಡೆ. ಅದೇ ಕವಡೆ ಮಾಲಿಯಲ್ಲಿ ದಿನಾರಿಗೆ 1,150. ಎರಡೂ ಕಡೆ ಕಣ್ಣಾರೆ ನೋಡಿ ಬರೆದವನು ಅದೇ ಇಬ್ನ್ ಬತೂತಾ. ಸುಮಾರು 350 ಪಟ್ಟು! ನಾವು ಚೌಕಾಬಾರ ಆಡಿ ಮೂಲೆಗೆ ಎಸೆಯುವ ಕವಡೆ ಅಲ್ಲಿ ಚಿಲ್ಲರೆ ಕಾಸು. ಮನೆಗೆ ತಂದ 20ರಲ್ಲಿ ನಾಲ್ಕನ್ನು ನಮ್ಮನೆಯವಳು ಆಗಲೇ ಆಟಕ್ಕೆ ಎತ್ತಿಟ್ಟಾಗಿದೆ.

ಎರಡನೇ ಶನಿವಾರ ಸಮುದ್ರದ ವ್ಯಾಪಾರ. ನನಗೆ ತೀರಾ ಇಷ್ಟವಾದ ಕ್ಲಾಸು ಇದೇ, ಯಾಕೆಂದರೆ ರಾಜರೇ ಬರಲಿಲ್ಲ. ಅಬ್ರಹಾಂ ಬೆನ್ ಯಿಜು ಅಂತ ಒಬ್ಬ ಯಹೂದಿ ವ್ಯಾಪಾರಿ, ಟ್ಯುನೀಶಿಯಾ ಕಡೆಯವನು. 1132ರಲ್ಲಿ ನಮ್ಮ ಮಂಗಳೂರಿನಲ್ಲಿದ್ದ. ಹಿತ್ತಾಳೆ ಕಾರ್ಖಾನೆ ಇಟ್ಟಿದ್ದ. ಅಶು ಅನ್ನೋ ಗುಲಾಮ ಹೆಣ್ಣುಮಗಳನ್ನು ಬಿಡುಗಡೆ ಮಾಡಿ, ಅವಳ ಜೊತೆ ಸಂಸಾರ ಮಾಡಿದ. ಅವನಿಗೆ ಬಂದ ಕಾಗದಗಳು ಕೈರೋದ ಯಹೂದಿ ದೇವಾಲಯದ ಒಂದು ಕೋಣೆಯಲ್ಲಿ ನೂರಾರು ವರ್ಷ ಬಿದ್ದಿದ್ದವು. ದೇವರ ಹೆಸರಿರುವ ಕಾಗದ ಹರಿಯಬಾರದು ಅಂತ ಅವರ ನಂಬಿಕೆ. ಯೆಮೆನ್ ದೇಶದ ಏಡನ್ ಬಂದರಿನ ವ್ಯಾಪಾರಿಗಳು ಒಡೆದ ಹಿತ್ತಾಳೆ ಪಾತ್ರೆ ಕಳಿಸಿ, ಕರಗಿಸಿ ಹೊಸದು ಮಾಡಿಕೊಡು ಅನ್ನುತ್ತಾರೆ. ಜೊತೆಗೆ ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ. ಅವನ ಕೆಲಸದವನ ಹೆಸರು ಬೊಮ್ಮ ಇರಬೇಕು ಅಂತ ಓದಿದ್ದಾರೆ. ಬೊಮ್ಮ! ಮಾಲಿನ ಜೊತೆ ಏಡನ್ನಿಗೆ ಹೋಗಿ ಬರುತ್ತಿದ್ದನಂತೆ. ನಮ್ಮ ಬೊಮ್ಮನಹಳ್ಳಿ ಕಡೆಯವನ ಹಾಗೆ ಕೇಳುತ್ತೆ ಅಲ್ವಾ?

ಇನ್ನೊಂದು ಕಾಗದದಲ್ಲಿ ಏಲಕ್ಕಿಯ ಜಗಳ. ಯಾರೋ ಒಬ್ಬ ಇಲ್ಲಿ ಏಲಕ್ಕಿ ಕೊಡುತ್ತೇನೆ ಅಂತ ಮುಂಗಡ ತಗೊಂಡ. ಮಾಲು ಕೊಡಲಿಲ್ಲ. ಏಡನ್ನಿನ ಪಾಲುದಾರ ವರ್ಷಗಟ್ಟಲೆ ಕಾಗದದಲ್ಲಿ ಅದನ್ನೇ ಕೆದಕುತ್ತಾನೆ. ಮೇಡಂ ಓದಿ ಹೇಳುವಾಗ ಉಳಿದವರು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಬೆಲ್ಲ ತರಿಸಿಕೊಡುತ್ತೇನೆ ಅಂತ ಒಬ್ಬ ನನ್ನಿಂದ 18,000 ಮುಂಗಡ ತಗೊಂಡು ಫೋನ್ ನಂಬರನ್ನೇ ಬದಲಾಯಿಸಿದ. ಹಳೇ ಖಾತೆ ಪುಸ್ತಕದಲ್ಲಿ ಅವನ ಹಾಳೆ ಇನ್ನೂ ಇದೆ, ಹರಿದಿಲ್ಲ.

ಅವತ್ತೇ ತೂಕದ ಆಟವೂ ಇತ್ತು. ಹಿತ್ತಾಳೆ ತಟ್ಟೆಯ ಒಂದು ತಕ್ಕಡಿ, ಮೂರು ಗುಂಪು. ಒಂದೇ ಗಂಧದ ಚೂರನ್ನು ತೂಗಬೇಕು. ಮೂರು ಗುಂಪಿಗೂ ಬೇರೆಬೇರೆ ತೂಕ ಬಂತು. ಮೇಡಂ ಗಾಬರಿಯಾದರು. ನಾನು ಹೋಗಿ ತಕ್ಕಡಿ ಎತ್ತಿ ಹಿಡಿದೆ. ಖಾಲಿ ತಟ್ಟೆ, ಆದರೂ ಮುಳ್ಳು ನಡುವೆ ನಿಲ್ಲದೆ ಬಲಕ್ಕೆ ವಾಲಿತು. ಬೆರಳಾಡಿಸಿ ನೋಡಿದರೆ ಬಲಗಡೆ ಸರಪಳಿಯಲ್ಲಿ ಒಂದು ಕೊಂಡಿ ಜಾಸ್ತಿ. ಎಡಗಡೆ ಕೊಕ್ಕೆಗೆ ಚೂರು ದಾರ ಸುತ್ತಿದೆ, ಮತ್ತೊಂದು ಸುತ್ತು, ಇನ್ನರ್ಧ ಸುತ್ತು. ಮುಳ್ಳು ನಿಂತಿತು. ಆಮೇಲೆ ಎಲ್ಲರಿಗೂ ನಮ್ಮ ತಂದೆ ನನಗೆ ಹೇಳಿಕೊಟ್ಟದ್ದನ್ನು ತೋರಿಸಿದೆ. ಒಂದು ತಟ್ಟೆಯಲ್ಲಿ ತೂಗಿದ ಮೇಲೆ ಮಾಲನ್ನೂ ಬಟ್ಟನ್ನೂ ಅದಲುಬದಲು ಮಾಡಿ ಇನ್ನೊಂದು ಸಲ ತೂಗು. ತಟ್ಟೆ ಅಡಿ ಬೆರಳಿಟ್ಟು ಹುಣಸೆಹಣ್ಣು ಅಂಟಿಸಿದ್ದಾರಾ ನೋಡು. ಅಲ್ಲಿಯವರೆಗೆ "ಸರ್" ಅನ್ನುತ್ತಿದ್ದವರು ಅವತ್ತಿನಿಂದ "ಅಂಕಲ್" ಅನ್ನಲು ಶುರು ಮಾಡಿದರು.

ಮೂರನೇ ವಾರ ನಮ್ಮ ಕಡೆಯದು. ಐಹೊಳೆಯ ಐನೂರ್ವರು, ಅಂದರೆ ವ್ಯಾಪಾರಿಗಳ ದೊಡ್ಡ ಸಂಘ. ಸುಮಾತ್ರಾ ದ್ವೀಪದಲ್ಲಿ ಈ ಐನೂರ್ವರ ಹೆಸರಿನ 1088ರ ತಮಿಳು ಶಾಸನ ಸಿಕ್ಕಿದೆಯಂತೆ. ಶಿಕಾರಿಪುರ ಕಡೆಯ ಒಂದು ಕನ್ನಡ ಶಾಸನದಲ್ಲಿ ಅವರ ಮಾಲಿನ ಪಟ್ಟಿಯೇ ಇದೆ: ಆನೆ, ಕುದುರೆ, ಮುತ್ತು, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ, ಕೇಸರಿ. ಸಗಟು ಮಾರುತ್ತಿದ್ದರು, ಹೆಗಲ ಮೇಲೆ ಹೊತ್ತು ಬೀದಿಬೀದಿಯಲ್ಲೂ ಮಾರುತ್ತಿದ್ದರು. ಇಷ್ಟೆಲ್ಲ ಹೇಳಿ, ಪೆಟ್ಟಿಗೆಯ ನಕ್ಷೆಯಲ್ಲಿ ಐಹೊಳೆಯನ್ನು ಗೋವಾ ಪಕ್ಕಕ್ಕೆ ಅಂಟಿಸಿಬಿಟ್ಟಿದ್ದಾರೆ! ಮಲಪ್ರಭೆ ದಂಡೆಯ ಊರನ್ನು ಸಮುದ್ರಕ್ಕೆ ತಳ್ಳಿದರೆ ಹೇಗೆ?

ವಿಜಯನಗರದ ಭಾಗ ಬಾಯಿತುಂಬ ಹೇಳಿದರು. 1443ರಲ್ಲಿ ಬಂದ ಪರ್ಷಿಯಾ ಕಡೆಯ ರಾಯಭಾರಿ ಅಬ್ದುಲ್ ರಜಾಕ್ ಬರೆದಿರುವುದನ್ನು ಓದಿದರು. ಒಂದೊಂದು ಕಸುಬಿನವರ ಅಂಗಡಿಗಳು ಒಂದೇ ಕಡೆ ಸಾಲಾಗಿ. ನಮ್ಮ ಅಕ್ಕಿಪೇಟೆ, ಬಳೇಪೇಟೆ ಹಾಗೆಯೇ. ಇಲ್ಲಿನ ಜನಕ್ಕೆ ಗುಲಾಬಿ ಹೂವು ಇಲ್ಲದೆ ಆಗುವುದಿಲ್ಲ, ಊಟದಷ್ಟೇ ಮುಖ್ಯ ಅಂತಲೂ ಬರೆದಿದ್ದಾನೆ. ಗಾಂಧಿ ಬಜಾರಿನಲ್ಲಿ ಹಬ್ಬದ ಹಿಂದಿನ ದಿನ ನಿಂತರೆ ಅವನಿಗೆ ಏನೂ ಹೊಸದು ಅನ್ನಿಸುತ್ತಿರಲಿಲ್ಲ.

ನನಗೆ ಮರೆಯದೇ ಉಳಿದದ್ದು ಕುದುರೆ ಬಾಲ. ಹೋರ್ಮುಜ್, ಏಡನ್ನಿಂದ ಹಡಗಿನಲ್ಲಿ ಕುದುರೆ ಬರಬೇಕು. ದಾರಿಯಲ್ಲಿ ಎಷ್ಟೋ ಸಾಯುತ್ತವೆ. ಸಾಳುವ ನರಸಿಂಹ ರಾಜ ಸತ್ತ ಕುದುರೆಗೂ ಬದುಕಿದ್ದರ ಬೆಲೆಯನ್ನೇ ಕೊಡುತ್ತಿದ್ದನಂತೆ, ಬಾಲ ತಂದು ತೋರಿಸಿದರೆ ಸಾಕು. ಮೂರು ಕುದುರೆಗೆ 1,000 ಪರ್ದಾವ್, ಅಂದರೆ ಆಗಿನ ಚಿನ್ನದ ನಾಣ್ಯ. ಬರೆದವನು ನೂನಿಜ್ ಅನ್ನೋ ಪೋರ್ಚುಗೀಸ್ ಕುದುರೆ ವ್ಯಾಪಾರಿ. ನನಗೆ ಇಂಥ ಗಿರಾಕಿ ಒಬ್ಬನೂ ಸಿಗಲಿಲ್ಲ. ಒಡೆದ ಎಣ್ಣೆ ಪ್ಯಾಕೆಟ್ಟಿನ ಮೂಲೆ ಹಿಡಿದುಕೊಂಡು ಹೋದರೆ ಕಂಪನಿಯವರು ಫೋಟೋ, ಬಿಲ್ಲು, ಬ್ಯಾಚ್ ನಂಬರು ಕೇಳುತ್ತಾರೆ.

ನಾಲ್ಕನೇ ವಾರ ಚೀನಾ. ಬೇಗ ಬೇಗ ಓಡಿಸಿದರು. ಕ್ವಾಂಝೌ ಬಂದರಿನಲ್ಲಿ 1974ರಲ್ಲಿ ಅಗೆದಾಗ ಸಿಕ್ಕ ಹಳೇ ಹಡಗು, ಅದರೊಳಗೆ ಮೆಣಸು, ಸರಕಿಗೆ ಕಟ್ಟಿದ ಮರದ ಚೀಟಿಗಳು. ಆ ಚೀಟಿ ಬಗ್ಗೆ ಇನ್ನಷ್ಟು ಕೇಳಬೇಕು ಅಂತಿದ್ದೆ, ಊಟದ ಹೊತ್ತಾಯಿತು ಅಂದರು.

ಊಟಕ್ಕೆ ಬೇರೆ 350 ರೂಪಾಯಿ. ಚೀಟಿಯಲ್ಲಿ 'ವಿಜಯನಗರ ಕಾಲದ ಊಟ' ಅಂತ ಅಚ್ಚು ಹಾಕಿದ್ದರು. ಎಲೆ ಮೇಲೆ ಬಂದದ್ದು ಟೊಮೆಟೊ ಸಾರು, ಆಲೂಗಡ್ಡೆ ಪಲ್ಯ, ಹಸಿಮೆಣಸಿನಕಾಯಿ ಹಾಕಿದ ಚಿತ್ರಾನ್ನ. ಈ ಮೂರೂ ಅಮೆರಿಕದ ಕಡೆಯವು. ಅಬ್ದುಲ್ ರಜಾಕ್ ಬಂದಾಗ ಕೊಲಂಬಸ್ ಇನ್ನೂ ಹುಟ್ಟೇ ಇರಲಿಲ್ಲ. ಖಾರ ಅಂದರೆ ಆಗ ಮುಖ್ಯವಾಗಿ ಮೆಣಸೇ. ಆಮೇಲೆ ಬಂದ ಕಾಯಿಗೆ ಅದರ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಅಂದೆವು. ಕರಾವಳಿಯವರು ಈಗಲೂ ಕರಿಮೆಣಸಿಗೆ ಒಳ್ಳೆಮೆಣಸು ಅನ್ನುತ್ತಾರೆ. ಒಂದು ಮೆಣಸಿನ ಸಾರು, ಒಂದು ಸೊಪ್ಪಿನ ಹುಳಿ ಮಾಡಿದ್ದರೆ ಸಾಕಿತ್ತು. "ಅಡುಗೆಯವರಿಗೆ ಹೇಳಿದ್ದೆ ಅಂಕಲ್" ಅಂತ ಮೇಡಂ ಮುಖ ಸಣ್ಣ ಮಾಡಿಕೊಂಡರು. ಚಿತ್ರಾನ್ನ ರುಚಿಯಾಗಿಯೇ ಇತ್ತು, ಎರಡು ಸಲ ಹಾಕಿಸಿಕೊಂಡೆ. ಆದರೆ ಆ 350 ಕೊಡಬೇಡಿ, ಹತ್ತಿರದಲ್ಲೇ ದೋಸೆ ಸಿಗುತ್ತೆ.

ಮಿಕ್ಕ ತಕರಾರು ಚಿಕ್ಕವು. ಹತ್ತೂವರೆ ಅಂದರೆ ಹನ್ನೊಂದಕ್ಕೇ ಶುರು. ಪಾಠ ಕನ್ನಡದಲ್ಲಿ, ಪರದೆ ಮೇಲಿನ ಅಕ್ಷರ ಪೂರ್ತಿ ಇಂಗ್ಲಿಷು. ಕೂರಲು ಚಾಪೆ ಮಾತ್ರ, ಮಂಡಿ ನೋವಿದ್ದವರು ಮೊದಲೇ ಹೇಳಿದರೆ ಒಂದು ಕುರ್ಚಿ ತಂದುಕೊಡುತ್ತಾರೆ.

2,400ಕ್ಕೆ ಮೋಸ ಇಲ್ಲ. ಎರಡನೇ ವಾರ ಒಂದಕ್ಕೇ ಅಷ್ಟು ಕೊಡಬಹುದು. ಮುಂದಿನ ತಂಡಕ್ಕೆ ತಕ್ಕಡಿ ಸರಿಮಾಡಿಕೊಟ್ಟಿದ್ದೇನೆ, ಮೆಣಸು ನಾನೇ ಕಳಿಸುತ್ತೇನೆ ಅಂತಲೂ ಹೇಳಿದ್ದೇನೆ. ಮುಂಗಡ ಬೇಡ, ಮಾಲು ನೋಡಿ ಕೊಟ್ಟರೆ ಸಾಕು ಅಂದೆ. ಮೇಡಂ ಜೋರಾಗಿ ನಕ್ಕರು.