ದೊಡ್ಡ ಪ್ಲಾನ್‌ಗೆ ದುಡ್ಡು ಕಟ್ಟುವ ಮೊದಲು ಒಂದು ವೈರ್ ಚುಚ್ಚಿ ನೋಡಿ

ಚಿಕ್ಕಮಗಳೂರಿನಲ್ಲಿ ಮನೆಗೆ ಫೈಬರ್ ಹಾಕಿಸಿಕೊಂಡು, ಈಗ "ನೆಟ್ ಸ್ಲೋ" ಅಂತ ಕಂಪ್ಲೇಂಟ್ ಕೊಡಲು ಹೊರಟವರಿಗೆ ಈ ಬರಹ. ಕಂಪನಿಯಿಂದ ಬಂದ ಹುಡುಗ ವೈಫೈ ಬಾಕ್ಸ್ (ರೂಟರ್) ಪಕ್ಕ ನಿಂತು, ಮೊಬೈಲ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡಿ, "ನಿಮ್ಮ ಪ್ಲಾನ್ ಸಾಲಲ್ಲ, ಮುನ್ನೂರು ಎಂಬಿಪಿಎಸ್‌ಗೆ ಹೋಗಿ" ಅಂದರೆ ತಕ್ಷಣ ದುಡ್ಡು ಕೊಡಬೇಡಿ. ನಮ್ಮ ಮನೆಯಲ್ಲಿ ಹೀಗೇ ಹೇಳಿ ಆರು ತಿಂಗಳ ಮುಂಗಡ ಕಟ್ಟಿಸಿಕೊಂಡು ಹೋದರು. ಸ್ಪೀಡ್ ಒಂದು ಚೂರೂ ಏರಲಿಲ್ಲ. ಅವರು ಕೊಟ್ಟಿದ್ದ ಬಾಕ್ಸ್‌ನಲ್ಲಿ ಏರುವುದಕ್ಕೆ ಸಾಧ್ಯವೂ ಇರಲಿಲ್ಲ. ಬಾಕ್ಸ್ ಕೊಟ್ಟವರಿಗೆ ಇದು ಗೊತ್ತಿರಲಿಲ್ಲ ಅಂದರೆ ನಾನಂತೂ ನಂಬುವುದಿಲ್ಲ.

ಬಸವನಹಳ್ಳಿ ಕಡೆ ನಮ್ಮದು ಹಳೇ ಹಂಚಿನ ಮನೆ. ಮಣ್ಣಿನ ಗೋಡೆಗಳು, ಒಂದೊಂದೂ ಒಂದೂವರೆ ಅಡಿ ದಪ್ಪ. ಕಂಬದಿಂದ ಫೈಬರ್ ಎಳೆದವರು ಹತ್ತಿರ ಆಯ್ತು ಅಂತ ಜಗಲಿಯ ಮೂಲೆಯಲ್ಲೇ ಬಾಕ್ಸ್ ಹೊಡೆದು ಹೋಗಿದ್ದರು. ನಾನು ಕೂತು ಕೆಲಸ ಮಾಡುವುದು ಹಿಂದಿನ ಕೋಣೆಯಲ್ಲಿ. ನಡುವೆ ಮೂರು ಗೋಡೆ, ಅತ್ತೆಯವರ ಕಬ್ಬಿಣದ ಬೀರು, ಆ ಬೀರುವಿನ ಬಾಗಿಲಿಗೆ ಆಳೆತ್ತರದ ಕನ್ನಡಿ. ಬೆಂಗಳೂರಿನ ಆಫೀಸಿನವರ ಜೊತೆ ಮೀಟಿಂಗ್ ಅಂದರೆ ನನ್ನ ಮುಖ ಮಸುಕು ಮಸುಕು, ಮಾತು ಅರ್ಧಕ್ಕೇ ಕಟ್. ಮಳೆಗಾಲದಲ್ಲಿ ಇನ್ನೂ ಹದಗೆಡುತ್ತಿತ್ತು. ಅದಕ್ಕೆ ಕಾರಣ ಇದೆ. ತೇವ ಹಿಡಿದ ಮಣ್ಣಿನ ಗೋಡೆ ಒಣ ಗೋಡೆಗಿಂತ ಜಾಸ್ತಿ ಸಿಗ್ನಲ್ ನುಂಗುತ್ತದೆ.

ಆಗ ಇದ್ದದ್ದು 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಪ್ಲಾನ್. ದೂರು ಕೊಟ್ಟೆ, ಹುಡುಗ ಬಂದ. ಜಗಲಿಯಲ್ಲಿ ಬಾಕ್ಸ್‌ಗೆ ಮೊಬೈಲ್ ತಾಗಿಸುವಷ್ಟು ಹತ್ತಿರ ನಿಂತು ಟೆಸ್ಟ್ ಒತ್ತಿದ. 50 ಚಿಲ್ಲರೆ ಬಂತು.

"ನೋಡಿ ಮೇಡಂ, ಬರ್ತಾ ಇದೆಯಲ್ಲ."

"ಹಿಂದಿನ ರೂಮಿಗೆ ಬಂದು ನೋಡಪ್ಪ."

ಅಲ್ಲಿ 9. ಅವನೇನೂ ಗಲಿಬಿಲಿಯಾಗಲಿಲ್ಲ. "ಮನೇಲಿ ಫೋನ್, ಟಿವಿ ಎಲ್ಲಾ ಜಾಸ್ತಿ ಆಗಿದೆ ಮೇಡಂ. ಪ್ಲಾನ್ ಮೇಲೆ ಮಾಡಿದ್ರೆ ಇಲ್ಲಿಗೂ ತಳ್ಳುತ್ತೆ" ಅಂದ. ಮಾವನವರು, "ದುಡ್ಡು ಹೋದ್ರೆ ಹೋಗ್ಲಿ ಕಣಮ್ಮ, ನಿನ್ನ ಕೆಲಸ ನಿಲ್ಬಾರದು" ಅಂದರು. ಮೊಬೈಲ್‌ನಲ್ಲೇ ದುಡ್ಡು ಹೋಯಿತು. ಬಿಲ್ ವಾಟ್ಸಾಪ್‌ಗೆ ಕಳಿಸ್ತೀನಿ ಅಂದವನು ಕಳಿಸಲೇ ಇಲ್ಲ.

ಪ್ಲಾನ್ 300 ಆಯಿತು. ಹಿಂದಿನ ಕೋಣೆಯಲ್ಲಿ ಅದೇ 9. ಮತ್ತೆ ಫೋನ್ ಮಾಡಿದಾಗ ವೈಫೈ ಸಿಗ್ನಲ್ಲನ್ನು ಮುಂದಕ್ಕೆ ದಾಟಿಸುವ ಒಂದು ರಿಪೀಟರ್ ತಂದು ನಡುಮನೆಯ ಪ್ಲಗ್‌ಗೆ ಚುಚ್ಚಿ, ಅದಕ್ಕೂ ಬೇರೆ ದುಡ್ಡು ತೆಗೆದುಕೊಂಡರು. ಮೊಬೈಲ್‌ನಲ್ಲಿ ಕಡ್ಡಿಗಳೆಲ್ಲಾ ತುಂಬಿಕೊಂಡವು. ಮಾತು ಮಾತ್ರ ಕಟ್ ಆಗುತ್ತಲೇ ಇತ್ತು. ಆ ಕಡ್ಡಿಗಳು ತೋರಿಸುವುದು ನಿಮ್ಮ ಮೊಬೈಲ್‌ಗೂ ರಿಪೀಟರ್‌ಗೂ ನಡುವಿನ ಸಿಗ್ನಲ್ ಮಾತ್ರ. ರಿಪೀಟರ್‌ಗೆ ಬಾಕ್ಸ್‌ನಿಂದ ಎಷ್ಟು ಬರ್ತಿದೆ ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಜೊತೆಗೆ ಇಂಥ ಅಗ್ಗದ ರಿಪೀಟರ್‌ಗೆ ಒಂದೇ ರೇಡಿಯೋ. ಬಾಕ್ಸ್ ಹೇಳಿದ್ದನ್ನು ಕೇಳಿಸಿಕೊಂಡು, ಆಮೇಲೆ ಅದನ್ನೇ ಅದೇ ಚಾನೆಲ್‌ನಲ್ಲಿ, ಅಂದರೆ ಅದೇ ತರಂಗದ ಹಾದಿಯಲ್ಲಿ, ಇನ್ನೊಮ್ಮೆ ಹೇಳಬೇಕು. ಸ್ಪೀಡ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಬಂಡವಾಳ ಬಯಲಾದದ್ದು ನಮ್ಮ ಆಫೀಸಿನ ಐಟಿಯವರಿಂದ. "ವೈರ್ ಹಾಕಿ ನೋಡಿದ್ರಾ?" ಅಂತ ಕೇಳಿದರು. ಪೇಟೆಗೆ ಹೋಗಿ ಲ್ಯಾನ್ ಕೇಬಲ್ ತಂದು, ಲ್ಯಾಪ್‌ಟಾಪ್ ಜಗಲಿಗೆ ಹೊತ್ತುಕೊಂಡು ಹೋಗಿ ಬಾಕ್ಸ್‌ಗೆ ಸಿಕ್ಕಿಸಿದೆ. 94 ಬಂತು. ಎಷ್ಟು ಸಲ ಒತ್ತಿದರೂ 94ರ ಆಸುಪಾಸು. ಪ್ಲಾನ್ ಮುನ್ನೂರರದ್ದು!

ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅದರೊಳಗೆ ಈಥರ್ನೆಟ್ ತೆಗೆದರೆ ಲಿಂಕ್ ಸ್ಪೀಡ್ ಅಂತ ಒಂದು ಸಾಲು ಇರುತ್ತದೆ. ನನ್ನದರಲ್ಲಿ 100/100 ಅಂತಿತ್ತು. ಅಂದರೆ ಬಾಕ್ಸ್‌ನ ಆ ತೂತಿನಿಂದ (ಪೋರ್ಟ್) ಹೊರಗೆ ಬರುವುದೇ ಹೆಚ್ಚೆಂದರೆ ನೂರು. ಅದರಲ್ಲೂ ವಿಳಾಸ, ಲೆಕ್ಕಾಚಾರದ ಬಿಟ್‌ಗಳು ಕಳೆದು ಕೈಗೆ ಸಿಗುವುದು 94, 95. ಬಾಕ್ಸ್, ಲ್ಯಾಪ್‌ಟಾಪ್ ಎರಡರಲ್ಲೂ ಸಾವಿರದ ಪೋರ್ಟ್ ಇದ್ದರೆ ಅಲ್ಲಿ 1000/1000 ಕಾಣಬೇಕು. ಕೇಬಲ್ ಸರಿಯಿಲ್ಲದಿದ್ದರೂ ನೂರೇ ತೋರಿಸುತ್ತದೆ. ಒಳಗಿನ ಎಂಟು ಎಳೆಗಳಲ್ಲಿ ನಾಲ್ಕನ್ನು ಮಾತ್ರ ಜೋಡಿಸಿದ ಕೇಬಲ್‌ಗೆ ಸಾವಿರ ಬರುವುದಿಲ್ಲ. ಅದಕ್ಕೇ ಬೇರೆ ಕೇಬಲ್ ಹಾಕಿಯೂ ನೋಡಿದೆ. ಅದೇ ನೂರು.

ಇನ್ನು ವೈಫೈ. ಬಾಕ್ಸ್ ಕೆಳಗಿನ ಸ್ಟಿಕ್ಕರ್‌ನಲ್ಲಿ ದಪ್ಪಕ್ಷರದಲ್ಲಿ 300 ಎಂಬಿಪಿಎಸ್ ಅಂತ ಬರೆದಿದೆ. ಪ್ಲಾನೂ 300, ಬಾಕ್ಸೂ 300, ಸರಿಯಾಗೇ ಇದೆ ಅನ್ನಿಸುತ್ತದೆ ಅಲ್ವಾ? ಅಲ್ಲೇ ಇರುವುದು ಮಸಲತ್ತು. ನಮ್ಮದು 2.4 ಗಿಗಾಹರ್ಟ್ಸ್ ತರಂಗ ಮಾತ್ರ ಇರುವ ಬಾಕ್ಸ್, ವೈಫೈ 4 ಅನ್ನುವ 2009ರ ತಂತ್ರಜ್ಞಾನ. ಎರಡು ಆಂಟೆನಾ, 40 ಮೆಗಾಹರ್ಟ್ಸ್ ಅಗಲದ ಚಾನೆಲ್, ಸುತ್ತ ಯಾರ ಗದ್ದಲವೂ ಇಲ್ಲ, ಇಷ್ಟೆಲ್ಲಾ ಕೂಡಿಬಂದರೆ ಆ 300. ಬೀದಿ ತುಂಬಾ ವೈಫೈ ಇರುವಲ್ಲಿ ಚಾನೆಲ್‌ನ ಅಗಲ 20 ಮೆಗಾಹರ್ಟ್ಸ್‌ಗೆ ಇಳಿಯುತ್ತದೆ, ಆಗ 144. ಒಂದೇ ಆಂಟೆನಾ ಇರುವ ಸಾಧಾರಣ ಮೊಬೈಲ್‌ಗೆ 72. ಇವೆಲ್ಲಾ ಕಾಗದದ ಮೇಲಿನ ಲೆಕ್ಕ. ನಿಜಕ್ಕೆ ಕೈಗೆ ಬರುವುದು ಅದರ ಅರ್ಧ, ಇಲ್ಲವೇ ಸ್ವಲ್ಪ ಮೇಲೆ. ಹುಡುಗನ ಮೊಬೈಲ್‌ನಲ್ಲಿ 50 ಚಿಲ್ಲರೆ ಬಂದದ್ದು ಈ ಲೆಕ್ಕದಿಂದ. ಪ್ಲಾನ್ ಸಾವಿರಕ್ಕೆ ಏರಿಸಿದ್ದರೂ ಆ ಮೊಬೈಲ್‌ನಲ್ಲಿ ಅಷ್ಟೇ ಬರುತ್ತಿತ್ತು.

ಉಳಿದ ಅರ್ಧ ಎಲ್ಲಿ ಹೋಯಿತು? ಮುಳ್ಳಯ್ಯನಗಿರಿ ಮೇಲಿನ ಕಿರಿದಾದ ರಸ್ತೆಗೆ ಭಾನುವಾರ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹತ್ತುವ ಕಾರಿಗೆ ದಾರಿ ಬಿಟ್ಟು ಇಳಿಯುವ ಜೀಪ್ ಕಾಯಬೇಕು. ವೈಫೈನಲ್ಲೂ ಹಾಗೇ, ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಬಾಕ್ಸ್ ಕಳಿಸುವಾಗ ಮೊಬೈಲ್ ಸುಮ್ನಿರಬೇಕು. ಪ್ರತಿಯೊಬ್ಬರೂ ಮೊದಲು ಕಿವಿಗೊಟ್ಟು, ಯಾರೂ ಮಾತಾಡ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಶುರುಮಾಡಬೇಕು. ಕಳಿಸಿದ ಮೇಲೆ "ತಲುಪಿತು" ಅನ್ನುವ ಉತ್ತರಕ್ಕೆ ಕಾಯಬೇಕು. ಬರದಿದ್ದರೆ ಮತ್ತೆ ಕಳಿಸಬೇಕು. ದೂರದ ಮೂಲೆಯಲ್ಲಿ ಯಾರದೋ ಹಳೇ ಮೊಬೈಲ್ ನಿಧಾನಕ್ಕೆ ಮಾತಾಡುತ್ತಾ ಕೂತರೆ ಉಳಿದವರೆಲ್ಲಾ ಅದು ಮುಗಿಯುವ ತನಕ ಕಾಯಬೇಕು. ಸರಿಯಾದ ಕೇಬಲ್‌ನಲ್ಲಿ ಈ ತಾಪತ್ರಯ ಇಲ್ಲ. ಹೋಗುವುದೂ ಬರುವುದೂ ಒಟ್ಟಿಗೇ ನಡೆಯುತ್ತದೆ, ಪಕ್ಕದ ಮನೆಯವರು ಅದರೊಳಗೆ ನುಗ್ಗುವುದಿಲ್ಲ.

ವೈಫೈನಲ್ಲಿ ಪಕ್ಕದ ಮನೆಯವರು ನುಗ್ಗುತ್ತಾರೆ. 2.4ರಲ್ಲಿ ನಮ್ಮ ದೇಶದಲ್ಲಿ 1ರಿಂದ 13ರ ತನಕ ಚಾನೆಲ್‌ಗಳಿವೆ. ಆದರೆ ಒಂದರ ಮೇಲೊಂದು ಬೀಳದಂತೆ ಸಿಗುವುದು ಮೂರೇ: 1, 6, 11. ನಮ್ಮ ಬೀದಿಯಲ್ಲಿ ಮೊಬೈಲ್ ತೆರೆದರೆ ಒಂದೇ ಕಂಪನಿಯ ವೈಫೈ ಹೆಸರುಗಳು ಸಾಲಾಗಿ ಕಾಣುತ್ತವೆ. ಇದು ಲೈಸೆನ್ಸ್ ಬೇಡದ ತರಂಗವಾದ್ದರಿಂದ ಬ್ಲೂಟೂತ್, ಮೈಕ್ರೋವೇವ್ ಓವನ್ ಕೂಡ ಇಲ್ಲೇ ಬಂದು ಕೂರುತ್ತವೆ. ವೈಫೈನ ಇನ್ನೊಂದು ತರಂಗವಾದ 5 ಗಿಗಾಹರ್ಟ್ಸ್‌ನಲ್ಲಿ ಜಾಗ ಜಾಸ್ತಿ, ಸ್ಪೀಡೂ ಜಾಸ್ತಿ. ಆದರೆ ಮಣ್ಣಿನ ಗೋಡೆಯ ಮುಂದೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಆರ್‌ಸಿಸಿ ಮನೆಯಲ್ಲಿ ಒಂದು ಗೋಡೆ ದಾಟಬಹುದು. ನಮ್ಮಂಥ ಮನೆಯಲ್ಲಿ ಅದೇ ಕೋಣೆಯಲ್ಲಿದ್ದರೆ ಉಂಟು.

ನಿಮ್ಮ ಮನೆಯಲ್ಲಿ ತೊಂದರೆ ಯಾವ ಕಡೆ ಅಂತ ತಿಳಿಯಲು ಯಾರೂ ಬರಬೇಕಾಗಿಲ್ಲ. ಲ್ಯಾಪ್‌ಟಾಪ್‌ನಿಂದ ನಿಮ್ಮ ಬಾಕ್ಸ್‌ಗೇ ಪಿಂಗ್ ಹೊಡೆಯಿರಿ, ಅಂದರೆ ಒಂದು ಚಿಕ್ಕ ಸಂದೇಶ ಕಳಿಸಿ ಉತ್ತರ ಎಷ್ಟು ಹೊತ್ತಿಗೆ ಬರುತ್ತದೆ ನೋಡಿ. ಬಾಕ್ಸ್‌ನ ವಿಳಾಸ ಸ್ಟಿಕ್ಕರ್ ಮೇಲೇ ಇರುತ್ತದೆ, ಸಾಮಾನ್ಯವಾಗಿ 192.168ರಿಂದ ಶುರುವಾಗುತ್ತದೆ. ವೈರ್‌ನಲ್ಲಿ ಒಂದು ಮಿಲಿಸೆಕೆಂಡ್ ಒಳಗೇ ಉತ್ತರ ಬರಬೇಕು. ನಮ್ಮ ಹಿಂದಿನ ಕೋಣೆಯಿಂದ ವೈಫೈನಲ್ಲಿ ಹೊಡೆದಾಗ ಒಮ್ಮೆ 4, ಒಮ್ಮೆ 180, ನಡುನಡುವೆ ಉತ್ತರವೇ ಇಲ್ಲ. ಮೀಟಿಂಗ್‌ನಲ್ಲಿ ಮಾತು ಕಟ್ ಆಗುತ್ತಿದ್ದದ್ದು ಇದರಿಂದ. ಅಂದರೆ ಎಡವಟ್ಟು ಮನೆಯ ಒಳಗೇ, ಜಗಲಿಗೂ ಕೋಣೆಗೂ ನಡುವೆ. ಕಂಬದಿಂದ ಎಷ್ಟು ಬಂದರೇನು? ವೈರ್‌ನಲ್ಲಿ ನೋಡಿದರೂ ಪ್ಲಾನ್‌ನಷ್ಟು ಬರುತ್ತಿಲ್ಲ, ಲಿಂಕ್ ಸ್ಪೀಡೂ ಸರಿಯಿದೆ ಅಂದರೆ ಮಾತ್ರ ಕಂಪನಿಯ ಲೈನ್ ಕಡೆ ಬೆರಳು ತೋರಿಸಿ.

ನಾವು ಕೊನೆಗೆ ಜಗಲಿಯಿಂದ ಅಟ್ಟದ ಮೇಲೆ ಹಾದು ಹಿಂದಿನ ಕೋಣೆಗೆ ಕ್ಯಾಟ್ 6 ಅನ್ನುವ ಲ್ಯಾನ್ ಕೇಬಲ್ ಎಳೆಸಿದೆವು. ಅಟ್ಟದಲ್ಲಿ ಇಲಿ ಕಾಟ, ಹಾಗಾಗಿ ಪೂರ್ತಿ ಪಿವಿಸಿ ಪೈಪ್ ಒಳಗೆ. ಕೊಳ್ಳುವಾಗ ತಾಮ್ರದ್ದೇ ಅಂತ ಕೇಳಿ ತಗೊಳ್ಳಿ. ಅಲ್ಯೂಮಿನಿಯಂಗೆ ತಾಮ್ರ ಬಳಿದದ್ದು ಅಗ್ಗಕ್ಕೆ ಸಿಗುತ್ತದೆ, ಬಾಗಿಸಿದರೆ ಬೇಗ ಮುರಿಯುತ್ತದೆ. ನೂರು ಮೀಟರ್ ಒಳಗೆ ಉದ್ದದ ಚಿಂತೆ ಇಲ್ಲ. ಆದರೆ ಈ ಕೇಬಲ್ಲನ್ನು ಮನೆಯ ಹೊರಗೆ, ಮರದಿಂದ ಮರಕ್ಕೆ, ಔಟ್‌ಹೌಸ್‌ಗೆ ಅಂತ ಎಳೆಸಬೇಡಿ. ಫೈಬರ್‌ನ ಎಳೆ ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಇದು ತಾಮ್ರ. ಏಪ್ರಿಲ್, ಮೇ ಸಿಡಿಲು ನಮ್ಮ ಕಡೆ ಹೇಗೆ ಬಡಿಯುತ್ತದೆ ಅಂತ ಗೊತ್ತೇ ಇದೆ. ಗುಡುಗು ಶುರುವಾದರೆ ನಾನು ಲ್ಯಾಪ್‌ಟಾಪ್‌ನಿಂದ ಕೇಬಲ್ ಕಿತ್ತುಬಿಡುತ್ತೇನೆ.

ದುಡ್ಡಿನ ವಿಷಯ. ಲೋಕಲ್ ಹುಡುಗನ ಹತ್ತಿರ ಜಗಳ ಆಡಿ ಏನೂ ಸಿಗಲಿಲ್ಲ. ನೇರ ಕಂಪನಿಯ ಕಸ್ಟಮರ್ ಕೇರ್‌ಗೆ ದೂರು ಕೊಟ್ಟು ಡಾಕೆಟ್ ನಂಬರ್ (ದೂರಿನ ನಂಬರ್) ಬರೆದಿಟ್ಟುಕೊಂಡೆ. ಲಿಂಕ್ ಸ್ಪೀಡ್ 100 ಅಂತ ತೋರಿಸುವ ಪರದೆಯ ಫೋಟೋ, ಬಾಕ್ಸ್‌ನ ಸ್ಟಿಕ್ಕರ್ ಫೋಟೋ ಎರಡನ್ನೂ ಕಳಿಸಿದೆ. ಮೊದಲ ಉತ್ತರ, "ವೈಫೈ ಸ್ಪೀಡ್‌ಗೆ ನಾವು ಹೊಣೆಯಲ್ಲ." ಸರಿ, ಹಾಗಾದರೆ ವೈರ್‌ನಲ್ಲಾದರೂ ಮುನ್ನೂರು ಕೊಡಿ ಅಂದೆ. ಅದಕ್ಕೆ ಉತ್ತರವೇ ಇಲ್ಲ. ಆಮೇಲೆ ಮೇಲ್ಮನವಿ ಹಾಕಿದೆ. ಕಂಪನಿಯಲ್ಲಿ ಮೇಲ್ಮನವಿ ಪ್ರಾಧಿಕಾರ ಅಂತ ಇರಬೇಕು, ಅದು ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್‌ನ 2012ರ ನಿಯಮ. ದೂರು ಮುಗಿಸಿದ 30 ದಿನದ ಒಳಗೆ ಹಾಕಬೇಕು. ಟ್ರಾಯ್‌ಗೇ ನೇರ ಬರೆಯುವವರಿದ್ದಾರೆ, ಅವರು ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ. ಗ್ರಾಹಕ ಸಹಾಯವಾಣಿ 1915 ಇದೆ, ಅಲ್ಲಿಗೂ ಹೇಳಿಡಬಹುದು.

ಮೇಲ್ಮನವಿ ಆದಮೇಲೆ ಪ್ಲಾನ್ ಮತ್ತೆ 100ಕ್ಕೆ ಇಳಿಸಿ, ಮುಂಗಡದಲ್ಲಿ ಉಳಿದದ್ದನ್ನು ಮುಂದಿನ ತಿಂಗಳುಗಳಿಗೆ ಹೊಂದಿಸಿದರು. ರಿಪೀಟರ್ ದುಡ್ಡು ಬರಲಿಲ್ಲ. ಬಿಲ್ ಇಲ್ಲದ್ದಕ್ಕೆ ನಮ್ಮ ಲೆಕ್ಕದಲ್ಲಿ ಅದು ಇಲ್ಲವೇ ಇಲ್ಲ ಅಂದರು.