ಪಿಯುಸಿ ಅಂಕ ಕಮ್ಮಿ ಬಂತು: ಮರುಮೌಲ್ಯಮಾಪನವಾ, ಪರೀಕ್ಷೆ-2 ಬರೆಯೋದಾ, ವರ್ಷ ಬಿಡೋದಾ?

ಫಿಸಿಕ್ಸ್‌ನಲ್ಲಿ 80 ನಿರೀಕ್ಷಿಸಿ 52 ಬಂದಿದೆ ಅಂದುಕೊಳ್ಳಿ. ಮೊದಲು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ, ನಿಮ್ಮ ಲೆಕ್ಚರರ್‌ಗೆ ತೋರಿಸಿ. 2025ರಲ್ಲಿ ಇದಕ್ಕೆ ವಿಷಯವೊಂದಕ್ಕೆ 530 ರೂಪಾಯಿ, ಮರುಮೌಲ್ಯಮಾಪನಕ್ಕೆ 1,670 ಇತ್ತು. ಬರೆದ ಉತ್ತರಕ್ಕೆ ಅಂಕ ಸಿಕ್ಕಿಲ್ಲ ಅಂತ ಕಂಡರೆ ಮಾತ್ರ ಆ ದುಡ್ಡು ಕಟ್ಟಿ. ಸುಮ್ನೆ ಆಸೆಗೆ ಬೇಡ.

ಉತ್ತರವೇ ತಪ್ಪಿದ್ದರೆ ಪರೀಕ್ಷೆ-2 ವಾಸಿ. 2024ರಿಂದ ಮಂಡಳಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುತ್ತಿದೆ, ಎರಡನೆಯದೇ ಈ ಪರೀಕ್ಷೆ-2. ಪಾಸಾದವರೂ ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಹಾಗಾಗಿ ಕಮ್ಮಿ ಆಗುವ ಭಯವಿಲ್ಲ. ಕಷ್ಟ ಇರುವುದು ಸಮಯದ್ದು: ಓದಲು ಸಿಗುವುದು ಕೆಲವೇ ವಾರ. ಜೊತೆಗೆ ಸಿಇಟಿ ಗಲಾಟೆ ಬೇರೆ.

ಈ ಕಷ್ಟಕ್ಕೆ ಬೆಲೆ ಇದೆಯಾ? ಅದು ನೀವು ಸೇರುವ ಕೋರ್ಸ್ ಮೇಲೆ. ಇಂಜಿನಿಯರಿಂಗ್ ಆದರೆ ಖಂಡಿತ ಇದೆ. ಸಿಇಟಿ ರ‍್ಯಾಂಕ್‌ನಲ್ಲಿ ಪಿಯುಸಿಯ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಅಂಕಕ್ಕೆ ಅರ್ಧ ಪಾಲು. ಎಂಬಿಬಿಎಸ್‌ಗೆ ರ‍್ಯಾಂಕ್ ನೀಟ್‌ನದೇ; ಸಾಮಾನ್ಯ ವರ್ಗದವರು ಪಿಸಿಬಿಯಲ್ಲಿ (ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ) ಶೇ. 50 ದಾಟಿದ್ದರೆ ಅಂಕಕ್ಕಾಗಿ ಒದ್ದಾಡಬೇಡಿ.

ವರ್ಷ ಬಿಡುವುದು ಎಲ್ಲಕ್ಕಿಂತ ದುಬಾರಿ, ಕೋಚಿಂಗ್ ಫೀಸಿಗಿಂತ ಮನಸ್ಸಿಗೇ ಜಾಸ್ತಿ. ನೀಟ್ ಇನ್ನೊಮ್ಮೆ ಬರೆಯುವವರಿಗೆ ಸರಿ. ಬರೀ ಒಂದು ವಿಷಯದ ಅಂಕಕ್ಕಾಗಿ ಬಿಡುವುದು ನನಗಂತೂ ಒಪ್ಪಿಗೆಯಿಲ್ಲ.